ಬಾಣಕ್ಕೆ ಬಗ್ಗಿದ ಆಪರೇಟರ್

ಊರಿನ ಒಂದೇ ಒಂದು ಟಾಕೀಸಿನ ಆಪರೇಟರನಿಗೆ ಹದ್ದು ಎಂಬ ಹೆಸರು ಬಿದ್ದು ಇಪ್ಪತ್ತು ವರ್ಷದ ಮೇಲಾಗಿತ್ತು. ಹೆತ್ತವರು ಇಟ್ಟ ಹೆಸರು ಅವನ ಮದುವೆಯ ಕರೆಯೋಲೆಯಲ್ಲಿ ಇದ್ದಿರಬೇಕು. ಆಮೇಲೆ ಅದನ್ನು ಯಾರೂ ಬಾಯಿಗೆ ತಂದದ್ದಿಲ್ಲ. ಪರದೆಯ ಮೇಲಿನ ಚಿತ್ರ ಒಂದು ಎಳೆಯಷ್ಟು ಮಸುಕಾದರೂ ಅವನಿಗೆ ಮೈಯೆಲ್ಲ ತುರಿಸುತ್ತಿತ್ತು. ನಾಯಕಿಯ ರೆಪ್ಪೆಗೂದಲು ಒಂದೊಂದಾಗಿ ಎಣಿಸಲು ಸಿಗುವವರೆಗೆ ಲೆನ್ಸನ್ನು ತಿರುಗಿಸುತ್ತಲೇ ಇರುತ್ತಿದ್ದ. ಒಂದು ಸಲ ಖಳನಾಯಕನ ಅಂಟು ಮೀಸೆಯೊಳಗೆ ಇರುವೆಯೊಂದು ದಾರಿತಪ್ಪಿ ಅಲೆಯುತ್ತಿರುವುದನ್ನು ನೂರಿಪ್ಪತ್ತು ಅಡಿ ದೂರದ ಕ್ಯಾಬಿನ್ನಿನ ಕಿಂಡಿಯಿಂದಲೇ ಪತ್ತೆಹಚ್ಚಿದ. ಅದು ಹೆಣ್ಣು ಇರುವೆ ಎಂದೂ ಹೇಳಿದ. ಅಲ್ಲವೆಂದು ಸಾಧಿಸಲು ಊರಿನಲ್ಲಿ ಯಾರಿಂದಲೂ ಆಗಲಿಲ್ಲ.

ಇಂಥ ಹದ್ದಿಗೆ ಇದ್ದದ್ದು ಒಂದೇ ಕಣ್ಣು. ಬಲಗಣ್ಣು.

ಎಡಗಣ್ಣು ಹೋದದ್ದು ಕಾರ್ಬನ್ ಕಡ್ಡಿಗಳ ಕಾಲದಲ್ಲಿ. ಆಗ ಪ್ರೊಜೆಕ್ಟರಿನ ಹೊಟ್ಟೆಯೊಳಗೆ ಎರಡು ಕಡ್ಡಿಗಳನ್ನು ಎದುರುಬದುರು ಹಿಡಿದು ಕಿಡಿ ಹೊತ್ತಿಸಬೇಕಿತ್ತು. ಪರದೆಯ ಮೇಲಿನ ಸೂರ್ಯ ಚಂದ್ರ ಎಲ್ಲವೂ ಆ ಕಿಡಿಯೇ. ಒಂದು ಮಧ್ಯಾಹ್ನದ ಆಟದಲ್ಲಿ ಕಡ್ಡಿ ಸಿಡಿದು ಚೂರೊಂದು ನೇರವಾಗಿ ಕಣ್ಣಿಗೆ ಹಾರಿತು. ಒದ್ದೆ ಕರವಸ್ತ್ರ ಒತ್ತಿಕೊಂಡು ಉಳಿದ ಐದು ರೀಲನ್ನೂ ಓಡಿಸಿ, ನಾಯಕನಿಗೂ ನಾಯಕಿಗೂ ಮದುವೆ ಮಾಡಿಸಿ, ಜನರನ್ನು ಮನೆಗೆ ಕಳಿಸಿದ ಮೇಲೆಯೇ ಅವನು ವೈದ್ಯರ ಬಳಿ ಹೋದದ್ದು. ವೈದ್ಯರು ಕಣ್ಣನ್ನು ಉಳಿಸಿಕೊಟ್ಟರು, ನೋಟವನ್ನಲ್ಲ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ, ಎರಡರಲ್ಲೂ ಒಂದೇ ಬಗೆಯ ಸಿಟ್ಟು.

ಟಾಕೀಸಿನಲ್ಲಿ ಕಣ್ಣಿಗೆ ಧೂಳು ಬಿದ್ದಿತ್ತು ಎಂದು ಹೇಳಿದ. ಒಂಟಿಗಣ್ಣಿನ ಆಪರೇಟರನನ್ನು ಯಾರು ಇಟ್ಟುಕೊಂಡಾರು? ಆ ಭಯಕ್ಕೆ, ಬೇರೆಯವರು ಒಂದು ಸಲ ನೋಡುವ ಫೋಕಸ್ಸನ್ನು ಇವನು ಹತ್ತು ಸಲ ನೋಡತೊಡಗಿದ. ಹದ್ದು ಎಂಬ ಬಿರುದು ಬಂದದ್ದು ಅದಾದ ಮೇಲೆ. ಗುಟ್ಟು ತಿಳಿದಿದ್ದವರು ಇಬ್ಬರೇ. ಒಬ್ಬರು ಆ ವೈದ್ಯರು, ತೀರಿಕೊಂಡರು. ಇನ್ನೊಬ್ಬಳು ಹೆಂಡತಿ, ಗಟ್ಟಿಮುಟ್ಟಾಗಿದ್ದಳು.

ಹೀಗೆ ಇಪ್ಪತ್ತೆರಡು ವರ್ಷ ನಡೆಯಿತು. ಕಾರ್ಬನ್ ಕಡ್ಡಿ ಹೋಗಿ ದೀಪ ಬಂತು, ರೀಲು ಹೋಗಿ ಕಂಪ್ಯೂಟರ್ ಡಬ್ಬಿ ಬಂತು. ಹದ್ದು ಎಲ್ಲವನ್ನೂ ಬೈದು ಎಲ್ಲವನ್ನೂ ಕಲಿತ. ಕೊನೆಗೆ ಅವನನ್ನು ಸಿಕ್ಕಿಸಿಹಾಕಿದ್ದು ಒಂದು ಆಮೆ.

‘ಹೊಗೆನಾಡಿನ ರಾಣಿ’ ಎಂದು ಆರು ಸಂಪುಟದ ಕಾದಂಬರಿ. ಒಂದೊಂದು ಸಂಪುಟವೂ ಬಾಗಿಲಿಗೆ ಅಡ್ಡ ಇಟ್ಟರೆ ಬಿರುಗಾಳಿಗೂ ಜಗ್ಗದಷ್ಟು ದಪ್ಪ. ಸಿಂಹಾಸನ ಕಳೆದುಕೊಂಡ ರಾಣಿಯೊಬ್ಬಳು ಹಾರುವ ಆಮೆಯ ಬೆನ್ನೇರಿ ಹೋಗಿ ನಾಡನ್ನು ಮರಳಿ ಗೆಲ್ಲುವ ಕತೆ. ಆಮೆಯೇ ಆದ್ದರಿಂದ ಅವಸರವಿಲ್ಲ. ನೆಲ ಬಿಟ್ಟು ಏಳುವುದಕ್ಕೇ ಅದಕ್ಕೆ ಒಂದೂವರೆ ಸಂಪುಟ ಹಿಡಿಯುತ್ತದೆ. ಊರಿಗೆ ಊರೇ ಅದನ್ನು ಓದಿತ್ತು. ಮೂರನೆಯ ಸಂಪುಟದ ವಿಷಯಕ್ಕೆ ಕ್ಷೌರದಂಗಡಿಯಲ್ಲಿ ವಾದ ಬೆಳೆದು ಒಬ್ಬ ಗಿರಾಕಿ ಅರ್ಧ ಮೀಸೆಯಲ್ಲಿ ಎದ್ದುಹೋಗಿದ್ದ. ಈಗ ಅದು ಸಿನಿಮಾ ಆಗಿ ಬರುತ್ತದೆ ಎಂದದ್ದೇ ತಡ, ಜನರಿಗೆ ಹುಚ್ಚು ಹಿಡಿಯಿತು. ಬಿಡುಗಡೆಗೆ ಇನ್ನೂ ನಲವತ್ತು ದಿನ ಇರುವಾಗಲೇ ಟಿಕೆಟ್ ಕಿಟಕಿಯ ಮುಂದೆ ಒಬ್ಬ ಬಂದು ನಿಂತ. ಏಕೆ ಎಂದು ಕೇಳದೆ ಅವನ ಹಿಂದೆ ಹದಿನೇಳು ಜನ ನಿಂತರು. ಮೊದಲನೆಯವನು ಬಸ್ಸಿಗೆ ಕಾಯುತ್ತಿದ್ದನಂತೆ.

ಹದ್ದಿನ ಹೆಂಡತಿ ಮನೆಯಲ್ಲೇ ಹೊಲಿಗೆ ಮಾಡುವವಳು. ಮೆಷಿನ್ ತುಳಿಯುತ್ತಲೇ ಆರೂ ಸಂಪುಟವನ್ನು ನಾಲ್ಕು ಸಲ ಮುಗಿಸಿದ್ದಳು. ಊರಿನ ಅರ್ಧ ಜನರ ಅಂಗಿಯಲ್ಲಿ ಒಂದು ತೋಳು ಉದ್ದ, ಒಂದು ಗಿಡ್ಡ ಇದ್ದುದಕ್ಕೆ ಇದೇ ಕಾರಣ. ಟಾಕೀಸಿನ ಗೋಡೆಗೆ ಪೋಸ್ಟರ್ ಅಂಟಿಸಿದ ದಿನ ಅವಳು ಸೊಂಟದ ಮೇಲೆ ಕೈಯಿಟ್ಟು ಅದರ ಮುಂದೆ ನಿಂತಳು.

“ಇದೇನ್ರೀ ಇದು? ರಾಣಿಗೆ ಐವತ್ತೆಂಟು ವಯಸ್ಸು, ಮುಂದಿನ ಹಲ್ಲಿಲ್ಲ. ಇವಳ್ಯಾರು, ಶಾಂಪೂ ಮಾರೋಳು?”

“ನನ್ನ ಕೇಳ್ತೀಯಲ್ಲ, ನಾನು ಹೆತ್ತಿದ್ದಾ?”

“ಆಮೆ ನೋಡಿ, ಆಮೆ! ಸೊಂಟ ಇಟ್ಟಿದ್ದಾರೆ ಅದಕ್ಕೆ. ಆಮೆಗೆ ಎಲ್ಲಾದ್ರೂ ಸೊಂಟ ಇರುತ್ತಾ? ಮೊದಲನೇ ಆಟಕ್ಕೇ ಬರ್ತೀನಿ ನಾನು. ಪುಸ್ತಕ ತಗೊಂಡು ಬರ್ತೀನಿ. ಒಂದೊಂದು ತಪ್ಪಿಗೂ ಎದ್ದು ನಿಂತು ಕೂಗ್ತೀನಿ.”

ಹದ್ದಿಗೆ ರಾಣಿಯ ಹಲ್ಲಿನ ಚಿಂತೆಯಿರಲಿಲ್ಲ. ಈ ಸಿನಿಮಾ ಓಡಿಸಲು ಹೊಸ ಯಂತ್ರ ಬೇಕು ಎಂದು ಕೇಳಿದಾಗಿನಿಂದ ಅವನಿಗೆ ಅನ್ನ ಇಳಿಯುತ್ತಿರಲಿಲ್ಲ. ಎಡಗಣ್ಣಿಗೆ ಒಂದು ಚಿತ್ರ, ಬಲಗಣ್ಣಿಗೆ ಒಂದು ಚಿತ್ರ. ಕಪ್ಪು ಕನ್ನಡಕ ಹಾಕಿಕೊಂಡು ನೋಡಿದರೆ ಎರಡೂ ಕೂಡಿ, ಆಮೆ ಪರದೆ ಬಿಟ್ಟು ಈಚೆ ಬಂದು ಮಡಿಲಲ್ಲಿ ಕೂತ ಹಾಗೆ ಕಾಣುತ್ತದಂತೆ. ಟಾಕೀಸಿನ ಮಾಲೀಕಮ್ಮ ತಡಮಾಡದೆ ಯಂತ್ರ ತರಿಸಿದಳು. ಅಪ್ಪನಿಂದ ಟಾಕೀಸನ್ನೂ ಅವನ ಬಾಯನ್ನೂ ಪಡೆದುಕೊಂಡು ಬಂದವಳು ಆಕೆ. ಅವಳು ಗದರಿದರೆ ಬಾಲ್ಕನಿಯ ಕುರ್ಚಿಗಳು ತಾವಾಗಿ ಮಡಚಿಕೊಳ್ಳುತ್ತಿದ್ದವು.

ಯಂತ್ರದ ಜೊತೆಗೆ ಕಂಪನಿಯ ಇಂಜಿನಿಯರ್ ಬಂದ. ದಪ್ಪ ಗಾಜಿನ ಕನ್ನಡಕ, ಕುತ್ತಿಗೆಗೆ ಗುರುತಿನ ಚೀಟಿ, ತೊಡೆಯ ಮೇಲೆ ಸದಾ ಲ್ಯಾಪ್‌ಟಾಪು. ಕ್ಯಾಬಿನ್ನಿಗೆ ಕಾಲಿಟ್ಟವನು ಹದ್ದಿನ ಸ್ಟೂಲನ್ನು ಕಾಲಿನಿಂದ ಪಕ್ಕಕ್ಕೆ ಸರಿಸಿದ. ಹಗೆ ಅಲ್ಲಿಂದ ಶುರುವಾಯಿತು.

“ಅಂಕಲ್, ಇದು ಎಲ್ಲಾ ತಾನೇ ಮಾಡ್ಕೊಳ್ಳುತ್ತೆ. ನೀವು ಸುಮ್ನೆ ಕೂತಿದ್ರೆ ಸಾಕು.”

“ನಾನು ನಿಮ್ಮಪ್ಪನ ತಮ್ಮ ಅಲ್ಲ.”

“ಸರಿ ಅಂಕಲ್. ಒಂದೇ ಕಂಡೀಷನ್ ಇದೆ. ಟ್ರಯಲ್ ದಿನ ಆಪರೇಟರ್ ಎಲ್ಲರ ಮುಂದೆ ಕನ್ನಡಕ ಹಾಕ್ಕೊಂಡು ನೋಡಿ, ಎರಡೂ ಕಣ್ಣಿಗೆ ಚಿತ್ರ ಸರಿಯಾಗಿ ಕೂಡ್ತಾ ಇದೆ ಅಂತ ಸೈನ್ ಮಾಡ್ಬೇಕು. ಎರಡೂ ಕಣ್ಣು ಸರಿ ಇಲ್ದೋರು ಈ ಮೆಷಿನ್ ಮುಟ್ಟೋ ಹಾಗಿಲ್ಲ. ನಿಮಗೇನು ಬಿಡಿ, ಹದ್ದಂತೆ ನೀವು!”

ಆವತ್ತಿನಿಂದ ಹದ್ದು ಬೀದಿ ಬೀದಿಯಲ್ಲಿ ಯಂತ್ರವನ್ನು ಬೈಯುತ್ತ ತಿರುಗಿದ. ಆ ಕನ್ನಡಕ ಹಾಕಿಕೊಂಡವರ ಮೂಗು ವರ್ಷದೊಳಗೆ ಕರಗಿಹೋಗುತ್ತದೆ ಎಂದ. ಎಲ್ಲೋ ಒಬ್ಬ ಸಿನಿಮಾ ಮುಗಿಸಿ ಮನೆಗೆ ಹೋದರೆ ಅವನ ಸ್ವಂತ ಹೆಂಡತಿ ಚಪ್ಪಟೆಯಾಗಿ ಕಂಡಳಂತೆ ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಮನೆಗೆ ಬಂದು ಗೋಡೆಗೆ ಮುಖಮಾಡಿ ಮಲಗಿದ.

“ಮಲಗಿದ್ರೆ ಕೆಲಸ ಉಳಿಯುತ್ತಾ? ಏಳಿ,” ಎಂದಳು ಹೆಂಡತಿ. “ನನ್ನ ತಮ್ಮನ್ನ ಕರೆಸಿದ್ದೀನಿ.”

ಆ ತಮ್ಮ ಟಾಕೀಸಿನ ಗೇಟ್‌ಕೀಪರ್. ದೊಡ್ಡ ಊರಿಗೆ ಹೋಗಿದ್ದಾಗ ಇದೇ ಸಿನಿಮಾದ ಟ್ರೇಲರನ್ನು ಕನ್ನಡಕ ಹಾಕಿಕೊಂಡು ನೋಡಿ ಬಂದಿದ್ದ. ಭಾವನ ಕಣ್ಣಿನ ಗುಟ್ಟು ಅವನಿಗೂ ಗೊತ್ತಿರಲಿಲ್ಲ. ಸುಮ್ಮನೆ ಕತೆ ಹೇಳಲು ಕರೆಸಿದ್ದಾರೆ ಎಂದುಕೊಂಡ.

“ಏನ್ ಹೇಳ್ಲಿ ಭಾವ! ರಾಣಿ ಆಮೆ ಮೇಲೆ ಕೂತು ಕಹಳೆ ಊದ್ತಾಳೆ. ಅಲ್ಲಿಂದ ಒಂಬತ್ತು ಎಣಿಸು. ಒಂಬತ್ತು ಅನ್ನೋ ಹೊತ್ತಿಗೆ ಬಾಣ! ಸೀದಾ ಮುಖಕ್ಕೆ! ಇಡೀ ಹಾಲ್ ಬಗ್ಗಿಬಿಡ್ತು. ಪಕ್ಕದೋನು ನನ್ನ ಮಡಿಲಲ್ಲಿ ಕೂತಿದ್ದ.”

“ಪುಸ್ತಕದಲ್ಲಿ ಬಾಣವೇ ಇಲ್ಲ,” ಎಂದಳು ಅಕ್ಕ. “ಎರಡನೇ ಸಂಪುಟದಲ್ಲಿ ಒಬ್ಬ ರಾಣೀನ ಬೈತಾನೆ, ಅಷ್ಟೆ.”

ಟ್ರಯಲ್ಲಿಗೂ ಅದೇ ಟ್ರೇಲರ್, ಎಲ್ಲರ ಜೊತೆ ಬಗ್ಗಿಬಿಟ್ಟರೆ ಎರಡು ಕಣ್ಣು ಇದೆ ಎಂದೇ ಲೆಕ್ಕ. ಪುಸ್ತಕದಲ್ಲಿ ಇಲ್ಲದ ಬಾಣಕ್ಕೆ ಮರುದಿನದಿಂದ ಮನೆಯಲ್ಲಿ ತಾಲೀಮು. ಹದ್ದು ಸ್ಟೂಲಿನ ಮೇಲೆ ಕೂರುವುದು, ಹೆಂಡತಿ ಬಾಯಲ್ಲೇ ಕಹಳೆ ಊದುವುದು, ಒಂದರಿಂದ ಎಣಿಸಿ ಒಂಬತ್ತಕ್ಕೆ ಸರಿಯಾಗಿ ಆಲೂಗಡ್ಡೆ ಎಸೆಯುವುದು. ಬಗ್ಗಿದರೆ ಬಚಾವು. ಮೊದಲ ಮೂರು ದಿನ ಹದ್ದಿನ ಹಣೆ ಆಲೂಗಡ್ಡೆಗಿಂತ ದಪ್ಪವಾಯಿತು. ಹನ್ನೊಂದನೆಯ ದಿನಕ್ಕೆ ಕಣ್ಣು ಮುಚ್ಚಿಕೊಂಡೇ ಬಗ್ಗಬಲ್ಲವನಾದ. ಎಷ್ಟರ ಮಟ್ಟಿಗೆಂದರೆ, ಹಾಲಿನವನು ಬಾಗಿಲಲ್ಲಿ ನಿಂತು “ಇನ್ನೂ ಒಂಬತ್ತು ಮನೆಗೆ ಹೋಗ್ಬೇಕು” ಎಂದಾಗ ಹದ್ದು ಪಾತ್ರೆ ಸಮೇತ ಹೊಸ್ತಿಲಲ್ಲೇ ಕುಕ್ಕರಿಸಿ ಕೂತುಬಿಟ್ಟ.

ಟ್ರಯಲ್ ನಡೆದದ್ದು ಬಿಡುಗಡೆಗೆ ಮೂರು ದಿನ ಮುಂಚೆ, ಬೆಳಿಗ್ಗೆ ಹತ್ತು ಗಂಟೆಗೆ. ಮಧ್ಯದ ಸಾಲಿನಲ್ಲಿ ಮಾಲೀಕಮ್ಮ, ಅವಳ ಸುತ್ತ ನೆಂಟರು, ಆಚೆ ಕ್ಯಾಂಟೀನಿನವನು, ಟಿಕೆಟ್ ಕೊಡುವವನು, ಗೇಟ್‌ಕೀಪರ್. ಹದ್ದಿನ ಪಕ್ಕದಲ್ಲಿ ಹೆಂಡತಿ, ಮಡಿಲಲ್ಲಿ ಎರಡನೆಯ ಸಂಪುಟ. ಎಲ್ಲರ ಮೂಗಿನ ಮೇಲೂ ಕಪ್ಪು ಕನ್ನಡಕ. ಇಂಜಿನಿಯರ್ ಮಾತ್ರ ಹಾಕಿಕೊಂಡಿರಲಿಲ್ಲ. ಅವನ ದಪ್ಪ ಗಾಜಿನ ಮೇಲೆ ಅದು ಕೂರುತ್ತಿರಲಿಲ್ಲ. ಹದ್ದು ಸಹಿ ಹಾಕಬೇಕಾದ ಕಾಗದವನ್ನು ಲ್ಯಾಪ್‌ಟಾಪಿನ ಕೆಳಗೆ ಇಟ್ಟುಕೊಂಡು ಸಾಲಿನ ತುದಿಯಲ್ಲಿ ಕೂತಿದ್ದ.

“ಮೊದಲು ಟೆಸ್ಟ್ ಕಾರ್ಡ್,” ಎಂದ. “ಎಡ ಅನ್ನೋದು ಎಡಗಣ್ಣಿಗೆ, ಬಲ ಅನ್ನೋದು ಬಲಗಣ್ಣಿಗೆ. ಎರಡು ಪದವೂ ಕಾಣ್ತಾ ಇದೆಯಾ ಎಲ್ರಿಗೂ?”

“ಕಾಣ್ತಿದೆ!” ಎಂದು ಎಲ್ಲರೂ ಕೂಗಿದರು. ಹದ್ದು ಎಲ್ಲರಿಗಿಂತ ಜೋರಾಗಿ ಕೂಗಿದ.

ಅವನಿಗೆ ಕಂಡದ್ದು ಒಂದೇ ಪದ. ಅದು ‘ಎಡ’.

ಹದ್ದು ಲೆಕ್ಕ ಹಾಕಿದ. ಇರುವುದು ಬಲಗಣ್ಣು, ಕಾಣಬೇಕಾದದ್ದು ‘ಬಲ’. ಸತ್ತ ಕಣ್ಣೇನಾದರೂ ಇಪ್ಪತ್ತೆರಡು ವರ್ಷದ ಮೇಲೆ ಎದ್ದು ಕೂತಿತೋ ಎಂದು ಬಲಗಣ್ಣನ್ನು ಮುಚ್ಚಿ ನೋಡಿದ. ಕಗ್ಗತ್ತಲು. ಮತ್ತೆ ತೆರೆದ. ಮತ್ತೆ ‘ಎಡ’. ಯಾವುದೋ ಒಂದು ತಿರುಗುಮುರುಗಾಗಿದೆ, ಅದು ತನ್ನ ತಲೆಯೋ ಯಂತ್ರವೋ ಎಂದು ತೀರ್ಮಾನಿಸುವ ಮೊದಲೇ ಟ್ರೇಲರ್ ಶುರುವಾಯಿತು.

ತಿರುಗುಮುರುಗಾಗಿದ್ದದ್ದು ಯಂತ್ರವೇ. ಎಡಗಣ್ಣಿನ ಚಿತ್ರ ಬಲಗಣ್ಣಿಗೆ, ಬಲಗಣ್ಣಿನದು ಎಡಗಣ್ಣಿಗೆ ಹೋಗುತ್ತಿತ್ತು. ಎರಡು ಕಣ್ಣಿದ್ದವರಿಗೆ ಹಿಂದಿನದು ಮುಂದೆ, ಮುಂದಿನದು ಹಿಂದೆ. ಬೆಟ್ಟ ರಾಣಿಯ ಮುಂದೆ ಬಂದು ನಿಂತಿತ್ತು. ಅವಳ ಮೂಗು ಗುಂಡಿಯಾಗಿತ್ತು. ಆಮೆ ಬೋರಲು ಹಾಕಿದ ಬಾಣಲೆಯ ಒಳಮೈಯಂತೆ ಕಾಣುತ್ತಿತ್ತು. ಎಲ್ಲರ ಹಣೆಯೂ ಸಿಡಿಯತೊಡಗಿತು. ಆದರೆ ಇಷ್ಟು ದಿನ ಬಾಯಿಬಿಟ್ಟು ಕಾದ ಹೊಸ ವಿದ್ಯೆ, ಚೆನ್ನಾಗಿಲ್ಲ ಎಂದು ಮೊದಲು ಹೇಳಿ ದಡ್ಡನೆನಿಸಿಕೊಳ್ಳುವವರು ಯಾರು?

“ಏನು ಆಳ! ಏನು ಆಳ!” ಎಂದರು ಮಾಲೀಕಮ್ಮನ ನೆಂಟರು, ಕಿವಿಯ ಮೇಲೆ ಬೆರಳೊತ್ತಿಕೊಂಡು.

“ಬಾವಿ ಬಗ್ಗಿ ನೋಡಿದ ಹಾಗಿದೆ,” ಎಂದ ಕ್ಯಾಂಟೀನಿನವನು. ಕರವಸ್ತ್ರಕ್ಕೆ ವಾಂತಿ ಮಾಡಿಕೊಂಡು, “ಅದ್ಭುತ,” ಎಂದ.

“ರೀ,” ಎಂದು ಹೆಂಡತಿ ಪಿಸುಗುಟ್ಟಿದಳು, “ಆಮೆ ಹೊಟ್ಟೆ ಒಳಗೆ ಮೋಡ ಇದೆ.”

ಹದ್ದಿಗೆ ಎಂದಿನಂತೆ ಚಪ್ಪಟೆ ಆಮೆ, ಚಪ್ಪಟೆ ಮೋಡ. ಅವನ ಗಮನವೆಲ್ಲ ಕಹಳೆಯ ಮೇಲೆ. ರಾಣಿ ಊದಿದಳು. ಒಂದು, ಎರಡು, ಮೂರು... ಒಂಬತ್ತಕ್ಕೆ ಹದ್ದು ಹನ್ನೊಂದು ದಿನದ ತಾಲೀಮನ್ನೆಲ್ಲ ಬೆನ್ನಿಗೆ ತಂದುಕೊಂಡು ಬಗ್ಗಿದ. ಹಣೆ ಮುಂದಿನ ಕುರ್ಚಿಗೆ ಹೊಡೆದ ಸದ್ದು ಬಾಲ್ಕನಿಗೆ ಹೋಗಿ ವಾಪಸ್ ಬಂತು.

ತಲೆಯೆತ್ತಿ ನೋಡುತ್ತಾನೆ, ಬೇರೆ ಯಾರೂ ಬಗ್ಗಿರಲಿಲ್ಲ. ಅವರೆಲ್ಲರಿಗೆ ಬಾಣ ದೊಡ್ಡದಾಗುತ್ತ ಆಗುತ್ತ ಪರದೆಯೊಳಗೆ ಹೂತುಹೋಗಿತ್ತು. “ಆ ಕಡೆ ಹೋಯ್ತು!” ಎಂದು ನೆಂಟರು ಚಪ್ಪಾಳೆ ತಟ್ಟಿದರು.

ಇಂಜಿನಿಯರ್ ಟ್ರೇಲರ್ ನಿಲ್ಲಿಸಿ ದೀಪ ಹಾಕಿಸಿದ. “ಅಂಕಲ್, ಯಾಕೆ ಬಗ್ಗಿದ್ರಿ? ಬಾಣ ಆ ಕಡೆ ಹೋಯ್ತಂತೆ ಎಲ್ರಿಗೂ!”

“ದೊಡ್ಡ ಊರಲ್ಲಿ ಈ ಕಡೆ ಬಂದಿತ್ತಲ್ಲ...” ಎಂದು ಗೇಟ್‌ಕೀಪರ್ ಗೊಣಗಿದ. ಆದರೆ ಇಂಜಿನಿಯರನ ಕುತ್ತಿಗೆಯ ಗುರುತಿನ ಚೀಟಿ ನೋಡಿ ಸುಮ್ಮನಾದ.

“ಏನಾಯ್ತಯ್ಯಾ ನಿನಗೆ?” ಮಾಲೀಕಮ್ಮನ ದನಿ. “ಕಣ್ಣು ಸರಿ ಇದೆ ತಾನೆ?”

“ಅವರಿಗೆ ಬೆನ್ನು ಹಿಡ್ಕೊಂಡಿದೆ ಅಮ್ಮಾ,” ಎಂದು ಹೆಂಡತಿ ನಡುವೆ ಬಾಯಿ ಹಾಕಿದಳು. “ಬೆಳಿಗ್ಗೆಯಿಂದ ಹೀಗೇ, ಹೇಳ್ದೆ ಕೇಳ್ದೆ ಬಗ್ತಾ ಇದ್ದಾರೆ.” ಕತ್ತಲಿಲ್ಲದಿದ್ದರೂ ಧೈರ್ಯಮಾಡಿ ಗಂಡನ ತೊಡೆಯನ್ನು ಚಿವುಟಿದಳು.

ಒಂದು ಸಲ ‘ಹೌದಮ್ಮಾ’ ಎಂದಿದ್ದರೆ ಸಾಕಿತ್ತು. ಸಹಿ ಹಾಕಿ, ಸ್ಟೂಲಿಗೆ ಹೋಗಿ ಕೂತು, ಇನ್ನೂ ಹತ್ತು ವರ್ಷ ಕ್ಯಾಬಿನ್ನಿನಲ್ಲಿ ಇರಬಹುದಿತ್ತು. ಹದ್ದು ಬಾಯಿ ತೆರೆದೂ ಇದ್ದ. ಅಷ್ಟರಲ್ಲಿ ಇಂಜಿನಿಯರ್ ಕಾಗದ ಚಾಚುತ್ತ, “ಪಾಪ, ಹದ್ದಿಗೆ ವಯಸ್ಸಾಯ್ತು. ಬನ್ನಿ ಅಂಕಲ್, ಸೈನ್ ಹಾಕಿ,” ಎಂದು ನಕ್ಕ. ನೆಂಟರೂ ನಕ್ಕರು. ಕರವಸ್ತ್ರ ಹಿಡಿದುಕೊಂಡೇ ಕ್ಯಾಂಟೀನಿನವನೂ ನಕ್ಕ.

ಸತ್ಯ ಹೇಳಬೇಕೆಂಬ ಆಸೆಯೇನೂ ಹದ್ದಿಗೆ ಇರಲಿಲ್ಲ, ಜನ್ಮದಲ್ಲಿ ಇರಲಿಲ್ಲ. ಆದರೆ ಸಿಟ್ಟು ಮಾತ್ರ ನಾಲ್ಕು ಜನಕ್ಕೆ ಹಂಚುವಷ್ಟಿತ್ತು.

“ಕಾರ್ಡ್ ಹಾಕು.”

“ಯಾಕೆ ಅಂಕಲ್? ನಂಬರ್ ಎಲ್ಲ ಹಸಿರು ತೋರಿಸ್ತಾ ಇದೆ.”

“ನಿನ್ನ ನಂಬರ್ ತಗೊಂಡು ಹೋಗಿ ಬಾಗಿಲಿಗೆ ಬರ್ಕೋ. ಕಾರ್ಡ್ ಹಾಕು ಅಂದೆ. ಅಮ್ಮಾ, ನೀವು ಎಡಗಣ್ಣು ಮುಚ್ಕೊಳ್ಳಿ. ಈಗ ಏನಂತ ಬರೆದಿದೆ?”

ಮಾಲೀಕಮ್ಮ ಎಡಗಣ್ಣು ಮುಚ್ಚಿದಳು. “ಎಡ.”

“ತೆರೆದಿರೋದು ಬಲಗಣ್ಣು. ಅದಕ್ಕೆ ಎಡ ಯಾಕೆ ಬಂತು? ಈಗ ಎಲ್ರೂ ಕನ್ನಡಕ ತೆಗೆದು ತಲೆಕೆಳಗು ಮಾಡಿ ಹಾಕ್ಕೊಳ್ಳಿ. ಎಡಗಡೆ ಗಾಜು ಬಲಕ್ಕೆ ಬರ್ಲಿ. ಲೋ, ಹಾಕು ಟ್ರೇಲರ್.”

ಊರಿನ ಗಣ್ಯರೆಲ್ಲ ಕನ್ನಡಕವನ್ನು ಬೋರಲು ಹಾಕಿಕೊಂಡು, ಕಿವಿಗೆ ಸಿಕ್ಕದ ಕಡ್ಡಿಗಳನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಕೂತರು. ಕಹಳೆ ಮೊಳಗಿತು. ಹದ್ದು ಗಟ್ಟಿಯಾಗಿ ಎಣಿಸಿದ. ಒಂಬತ್ತು ಎನ್ನುತ್ತಿದ್ದಂತೆ ಇಡೀ ಸಾಲು ಒಂದೇ ಏಟಿಗೆ ಮಡಚಿಕೊಂಡಿತು. ಮಾಲೀಕಮ್ಮ ನೆಂಟರ ಮೇಲೆ ಬಿದ್ದಳು; ಕ್ಯಾಂಟೀನಿನವನು ಕುರ್ಚಿಯ ಕೆಳಗೆ ಹೋದವನು, ಎರಡು ಸಾಲು ಹಿಂದೆ ಎದ್ದ.

“ನಾನು ಹೇಳ್ಲಿಲ್ವಾ, ಈ ಕಡೆ ಬರುತ್ತೆ ಅಂತ!” ಎಂದು ಗೇಟ್‌ಕೀಪರ್ ಕುಣಿದ.

ಇಂಜಿನಿಯರನ ಮುಖದ ಬಣ್ಣ ಹೋಗಿ ಗಾಜು ಮಾತ್ರ ಉಳಿಯಿತು. “ಒಂದು ಕೇಬಲ್ ಅದಲುಬದಲಾಗಿದೆ. ಎರಡು ನಿಮಿಷದ ಕೆಲಸ,” ಎಂದ. ಅಷ್ಟಕ್ಕೆ ಬಿಡುವ ಆಸಾಮಿಯಲ್ಲ. “ಆದ್ರೆ ಅಂಕಲ್, ಆಗ ಎಲ್ರಿಗೂ ಬಾಣ ಆ ಕಡೆ ಹೋಗಿತ್ತಲ್ಲ, ನೀವೊಬ್ರೇ ಯಾಕೆ ಬಗ್ಗಿದ್ರಿ? ಎಲ್ರಿಗೂ ಎರಡು ಪದ ಕಂಡಿತ್ತಲ್ಲ, ನಿಮಗೆ ಮಾತ್ರ ಹೇಗೆ ಗೊತ್ತಾಯ್ತು?”

ಹೆಂಡತಿ ಇನ್ನೊಮ್ಮೆ ಚಿವುಟಿದಳು. ಹದ್ದು ಅವಳ ಕೈ ಸರಿಸಿದ.

“ನನಗಿರೋದೇ ಒಂದು ಕಣ್ಣು ಕಣೋ. ಆ ಒಂದಕ್ಕೆ ಕಂಡದ್ದು ನಿನ್ನ ನಾಲ್ಕಕ್ಕೂ ಕಾಣಲಿಲ್ಲ.”

ಪರದೆಯ ಮೇಲಿನ ರಾಣಿ ಕೂಡ ಉಸಿರು ಹಿಡಿದಳು. ಮಾಲೀಕಮ್ಮ ಕನ್ನಡಕ ತೆಗೆದು ಮಡಿಚಿದಳು.

“ಎಷ್ಟು ವರ್ಷದಿಂದ?”

“ಇಪ್ಪತ್ತೆರಡು.”

“ಇಪ್ಪತ್ತೆರಡು ವರ್ಷ ನನ್ನ ಅನ್ನ ತಿಂದು ನನಗೇ ಸುಳ್ಳು ಹೇಳ್ದೆ.”

“ನೀವು ಕೇಳ್ಲಿಲ್ಲ.”

“ಎಲ್ಲಿ ಕಳ್ಕೊಂಡೆ?”

ಹದ್ದು ಕ್ಯಾಬಿನ್ನಿನ ಕಿಂಡಿಯತ್ತ ಬೆರಳು ತೋರಿಸಿದ. “ಅಲ್ಲೇ. ನಿಮ್ಮಪ್ಪ ಇದ್ದಾಗ. ಮಧ್ಯಾಹ್ನದ ಆಟ. ನಿಲ್ಲಿಸ್ಲಿಲ್ಲ ನಾನು.”

ಮಾಲೀಕಮ್ಮ ತಿರುಗಿ ಕಿಂಡಿಯನ್ನು ನೋಡಿದಳು. ಕರಗಿದಳು ಎಂದು ಹೇಳಲು ನನಗೂ ಆಸೆ. ಆಕೆ ಕರಗುವ ಜಾತಿಯ ಲೋಹವಲ್ಲ. ಕೈ ಚಾಚಿದಳು. “ಕ್ಯಾಬಿನ್ ಬೀಗದ ಕೈ ಕೊಡು.”

ಹದ್ದು ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟ. ಇಂಜಿನಿಯರನ ತುಟಿ ಅರಳುವುದನ್ನು ಕಂಡ ಮಾಲೀಕಮ್ಮ ಅವನ ಕಡೆ ತಿರುಗಿದಳು.

“ನಿಮ್ಮ ಮೆಷಿನ್ ಎಲ್ಲಾ ತಾನೇ ಮಾಡ್ಕೊಳ್ಳುತ್ತಲ್ಲ, ಗುಂಡಿ ಒತ್ತೋಕೆ ಟಿಕೆಟ್ ಕೊಡೋನು ಸಾಕು. ಕಾಗದಕ್ಕೆ ಅವನೇ ಸೈನ್ ಹಾಕ್ತಾನೆ, ಎರಡು ಕಣ್ಣಿದೆ, ಉಪಯೋಗ ಇ​ಲ್ದಿದ್ರೂ. ನೀನು,” ಎಂದು ಹದ್ದಿನ ಕಡೆ ಬೆರಳು ಮಾಡಿದಳು, “ಇನ್ನು ಮೇಲೆ ಕೆಳಗೆ ಕೂರು. ಪ್ರತಿ ಆಟಕ್ಕೂ ಮೊದಲು ಕಾರ್ಡ್ ನೋಡು. ನೀನು ಕೈ ಎತ್ತೋವರೆಗೂ ಆಟ ಶುರು ಆಗಲ್ಲ. ಸಂಬಳ ಅದೇ. ಸುಳ್ಳು ಹೇಳಿದ್ದಕ್ಕೆ ಶಿಕ್ಷೆ ಬೇರೆ ಇದೆ. ಎದ್ದು ಹೊರಗೆ ಹೋಗೋ ಹಾಗಿಲ್ಲ. ದಿನಕ್ಕೆ ನಾಲ್ಕು ಆಟಾನೂ ಪೂರ್ತಿ ನೋಡ್ಬೇಕು.”

“ಅಮ್ಮಾ, ಅದು ಮಾತ್ರ ಬೇಡ,” ಎಂದ ಹದ್ದು. ಇಪ್ಪತ್ತೆರಡು ವರ್ಷದಲ್ಲಿ ಅವನು ಬೇಡಿಕೊಂಡದ್ದು ಅದೊಂದೇ ಸಲ.

ಬಿಡುಗಡೆಯ ದಿನ ಟಾಕೀಸು ಎಷ್ಟು ತುಂಬಿತೆಂದರೆ ಒಳಗೆ ಹೋದವರು ಸರದಿಯ ಮೇಲೆ ಉಸಿರಾಡಬೇಕಾಯಿತು. ಹದ್ದು ಕ್ಯಾಬಿನ್ನಿನ ತನ್ನ ಸ್ಟೂಲನ್ನು ಕೆಳಗೆ ಹೊತ್ತು ತಂದು ನಡುದಾರಿಯಲ್ಲಿ ಹಾಕಿಕೊಂಡ. ಪರದೆಯ ಮೇಲೆ ಕಾರ್ಡ್ ಬಂತು. ಕಂಡದ್ದು ‘ಬಲ’. ತಕ್ಷಣ ಕೈ ಎತ್ತಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಬೆಳಕಿಗೆ ಹಿಡಿದು ನೋಡಿದ. ಮತ್ತೆ ಒರೆಸಿದ. ನಲವತ್ತು ದಿನ ಕಾದ ಜನ ಶಿಳ್ಳೆ ಹಾಕಿದರು, ಕುರ್ಚಿ ಬಡಿದರು, ಅವನ ಏಳು ತಲೆಮಾರನ್ನು ಬೈದರು. ಅವನು ಹಾಯಾಗಿ ಇನ್ನೊಂದು ಗಾಜನ್ನು ಒರೆಸಿ, ಆಮೇಲೆ ಕೈ ಎತ್ತಿದ.

ರಾಣಿ ಬಂದಳು, ಆಮೆ ಹಾರಿತು, ಕಹಳೆ ಮೊಳಗಿತು. ಹದ್ದಿನ ಕುತ್ತಿಗೆ ತಾನಾಗಿ ಎಣಿಸತೊಡಗಿತು. ಅವನು ಎರಡೂ ಕೈಯಲ್ಲಿ ಸ್ಟೂಲನ್ನು ಅವುಚಿ ಹಿಡಿದ. ಒಂಬತ್ತಕ್ಕೆ ಗಾಳಿ ಹೊಡೆದ ಪೈರಿನಂತೆ ಇಡೀ ಸಭಾಂಗಣ ಬಗ್ಗಿತು. ಹದ್ದು ಒಬ್ಬ ನೆಟ್ಟಗೆ ಕೂತಿದ್ದ. ಪಕ್ಕದ ಕುರ್ಚಿಯಿಂದ ಹೆಂಡತಿ ತಲೆಯೆತ್ತಿ, “ಪುಸ್ತಕದಲ್ಲಿ ಬಾಣ ಇಲ್ಲ!” ಎಂದು ಪರದೆಗೆ ಕೂಗಿದಳು.

ಎಲ್ಲರೂ ಬಗ್ಗಿದ್ದ ಆ ಕ್ಷಣದಲ್ಲಿ ಹದ್ದು ಹಿಂದಕ್ಕೆ ತಿರುಗಿ ನೋಡಿದ. ಆ ಕಿಂಡಿಯನ್ನು ಆಟ ನಡೆಯುವಾಗ ಕೆಳಗಿನಿಂದ ನೋಡಿದ್ದು ಅದೇ ಮೊದಲು. ಅಲ್ಲಿ ಯಾವ ಮುಖವೂ ಇರಲಿಲ್ಲ, ಬೆಳಕು ಮಾತ್ರ ತಾನಾಗಿ ಬರುತ್ತಿತ್ತು. ಮತ್ತೆ ಪರದೆಗೆ ತಿರುಗಿದವನ ಮೈಯೆಲ್ಲ ತುರಿಸತೊಡಗಿತು.

“ಎಡಗಡೆ ಮೂಲೆಯಲ್ಲಿ ಒಂದು ಎಳೆ ಮಸುಕಿದೆ,” ಎಂದ. ಕೈ ಸೊಂಟದಲ್ಲಿ ಬೀಗದ ಕೈಗಾಗಿ ತಡಕಾಡಿತು.

“ಇರ್ಲಿ, ಕೂತ್ಕೊಳ್ಳಿ,” ಎಂದಳು ಹೆಂಡತಿ, ಪುಟ ತಿರುವುತ್ತ. “ಇನ್ನೂ ಮೂರು ಆಟ ಇದೆ.”